ಉಪ್ಪು ತಿಂದ ತಾರಸಿ

ನನ್ನ ತಂಗಿ ಬಹೀಗಾಳ ಮಗಳು ನವ್ವಾರಾ ಹೆತ್ತು ಅಂದಿಗೆ ಏಳು ದಿನ. ಮಗುವನ್ನು ಜರಡಿಯಲ್ಲಿ ಮಲಗಿಸಿ ಹಾಡುವ ದಿನ. ಸೋದರಮಾವನೇ ಹೋಗದಿದ್ದರೆ ನಮ್ಮ ಅನ್ಫೂಶಿಯ ಓಣಿಯಲ್ಲಿ ಬಾಯಿಗೊಂದು ಮಾತು ಹುಟ್ಟುತ್ತದೆ. ಆದರೂ ಹೋಗಬಾರದು ಎಂದೇ ಮಾಡಿಕೊಂಡಿದ್ದೆ. ಆ ಮನೆಯ ಸೂರಿನೊಳಗೆ ಏನಿದೆ ಎಂಬುದು ಗೊತ್ತಿದ್ದವನು ನಾನೊಬ್ಬನೇ, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದವನೂ ನಾನೊಬ್ಬನೇ.

ನನ್ನ ಹೆಸರು ಶಹ್ಹಾತ್. ಗಾರೆ ಕೆಲಸ. ಕಸುಬು ಬಲ್ಲವನೆಂದು ಓಣಿಯವರೆಲ್ಲ ಉಸ್ತಾ ಎಂದು ಕರೆಯುತ್ತಾರೆ. ಮೂವತ್ತೊಂದು ವರ್ಷ ಜನರ ಸೂರು ನೋಡಿ ನೋಡಿ ನನ್ನ ಕತ್ತು ಹಿಂದಕ್ಕೇ ವಾಲಿಬಿಟ್ಟಿದೆ. ಕೈರೋದಲ್ಲಿ ನಿಂತ ಕಾಂಕ್ರೀಟು ತಾತನಿಂದ ಮೊಮ್ಮಗನವರೆಗೂ ಮಿಸುಕುವುದಿಲ್ಲ. ನಮ್ಮ ಅಲೆಕ್ಸಾಂಡ್ರಿಯಾದಲ್ಲಿ ಅದರ ಅರ್ಧ ಆಯಸ್ಸೂ ಇಲ್ಲ. ಸಮುದ್ರದ ಗಾಳಿ ಉಪ್ಪು ಹೊತ್ತು ಬರುತ್ತದೆ, ಉಪ್ಪು ಕಾಂಕ್ರೀಟಿನೊಳಗೆ ಇಳಿಯುತ್ತದೆ, ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದ್ದು ತನ್ನ ಮೈಮೇಲಿನದನ್ನೇ ಸೀಳುತ್ತದೆ.

ಇದು ಸಾಲದೆಂದು ನಮ್ಮವರ ಜಾಣತನ ಬೇರೆ! ಬಹೀಗಾಳ ಗಂಡ ಖಮೀಸ್ ದೋಣಿಯವನು. ಅವನಪ್ಪ ಈ ಮನೆ ಕಟ್ಟುವಾಗ ಮರಳನ್ನು ಕತ್ತೆಗಾಡಿಯಲ್ಲಿ ಕಡಲ ದಂಡೆಯಿಂದಲೇ ಹೊಡೆಸಿದ್ದ, ತೊಳೆಯಲಿಲ್ಲ ಬಳಿಯಲಿಲ್ಲ. ಆಮೇಲೆ ಮಗರಾಯ ದೋಣಿ ಇಳಿದವನೇ ಹಸಿ ಬಲೆಗಳನ್ನು ಹೊತ್ತುತಂದು ನಾಲ್ಕನೇ ಮಹಡಿಯ ತಮ್ಮ ಮನೆಯ ಮೇಲಿನ ತಾರಸಿಯಲ್ಲಿ ಹರಡುತ್ತಿದ್ದ. ವರ್ಷಗಟ್ಟಲೆ ಆ ಬಲೆಗಳಿಂದ ಸಮುದ್ರ ತೊಟ್ಟಿಕ್ಕಿದೆ.

"ಖಮೀಸ್, ಬಲೆನ ದಂಡೆ ಮೇಲೆ ಒಣಗಿಸೋ ಮಾರಾಯ," ಎಂದು ನೂರು ಸಲ ಹೇಳಿದ್ದೇನೆ.

"ದಂಡೆ ಮೇಲೆ ಹಾಕಿದ್ರೆ ಕಳ್ಳ ಹೊತ್ಕೊಂಡು ಹೋಗ್ತಾನೆ ಭಾವ. ತಾರಸಿ ಮಳೇಲೂ ನೆನೆಯುತ್ತೆ, ಬಲೇಲೂ ನೆನೆಯುತ್ತೆ. ಕಲ್ಲಿಗೇನು ನಾಲಿಗೆ ಇದ್ಯಾ, ಸಿಹಿ ಉಪ್ಪು ನೋಡೋಕೆ?"

ಇಂಥವನ ಹತ್ತಿರ ಏನು ಮಾತಾಡುವುದು!

ಮೂರು ತಿಂಗಳ ಹಿಂದೆ ನಡುಮನೆಯ ಸೂರಿನಿಂದ ಒಂದು ಚಕ್ಕೆ ಮಂಚದ ಮೇಲೆ ಬಿತ್ತು. ಬಹೀಗಾ ಹೇಳಿಕಳಿಸಿದಳು. ನಾನು ಏಣಿ ಹತ್ತಿ ಸುತ್ತಿಗೆಯಿಂದ ತಟ್ಟಿದೆ. ಎಲ್ಲಿ ತಟ್ಟಿದರೂ ಡಬಡಬ ಎಂದು ಟೊಳ್ಳು. ಕಂಬಿಯನ್ನು ಬೆರಳಲ್ಲಿ ಹಿಡಿದೆ, ಹಪ್ಪಳದ ಹಾಗೆ ಮುರಿದು ಕೈಗೆ ಬಂತು. ನಿಜ ಹೇಳಿದರೆ ಆ ಗಳಿಗೆಯೇ ಮನೆ ಬಿಡಬೇಕು. ಸುದ್ದಿ ಹಬ್ಬಿದರೆ ಸರ್ಕಾರದ ಎಂಜಿನಿಯರ್ ಬಂದು ಬಾಗಿಲಿಗೆ ತೆರವಿನ ಚೀಟಿ ಅಂಟಿಸುತ್ತಾನೆ, ಪಾತ್ರೆ ಪಡಗ ಬೀದಿಗೆ ಬೀಳುತ್ತವೆ. ನವ್ವಾರಾಳಿಗೆ ಆಗ ಆರು ತಿಂಗಳು.

"ಹೇಗಿದೆ ಅಣ್ಣಾ?" ಕೆಳಗೆ ಏಣಿ ಹಿಡಿದು ನಿಂತಿದ್ದ ಬಹೀಗಾ ಕೇಳಿದಳು.

"ಏನೂ ಆಗಿಲ್ಲ ಕಣೆ. ಕಂಬಿ ಹೊಸದರ ಹಾಗಿದೆ. ಮೇಲಿನ ಗಾರೆ ಉದುರಿದೆ, ಅಷ್ಟೆ."

ಎರಡು ಬೆರಳು ದಪ್ಪ ಗಾರೆ ಮೆತ್ತಿ, ನಯವಾಗಿ ತಿಕ್ಕಿ, ಸುಣ್ಣ ಬಳಿದೆ. ಅದನ್ನು ನೋಡಿ ನನ್ನ ತಂಗಿ ನನ್ನ ಕೈಗೆ ಮುತ್ತಿಟ್ಟಳು. ಹೆರಿಗೆ ಆಗಲಿ, ಆಮೇಲೆ ಹೇಳಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೆರಿಗೆಯೂ ಆಯಿತು. ಅಷ್ಟರಲ್ಲಿ ನಾವು ಪೊರಕೆ ಎಂದು ಕರೆಯುವ ನವೆಂಬರಿನ ಬಿರುಗಾಳಿ ಬಂದು ನಾಲ್ಕು ದಿನ ಆ ತಾರಸಿಯನ್ನು ನೆನೆಸಿಹಾಕಿತು. ನಾನು ಮಾತ್ರ ಬಾಯಿ ಬಿಡಲಿಲ್ಲ.

ಕೊನೆಗೆ ಹೋದೆ. ಹೋಗದೆ ಮನೆಯಲ್ಲಿ ಕೂರುವುದಕ್ಕೇ ಹೆಚ್ಚು ಭಯವಾಗಿತ್ತು. ಇಳಿಹೊತ್ತಿನ ನಮಾಜು ಮುಗಿದಿತ್ತು. ಹೆಂಗಸರೆಲ್ಲ ಒಳಗೆ, ಗಂಡಸರೆಲ್ಲ ತಾರಸಿಯ ಮೇಲೆ. ನಾನು ಮೆಟ್ಟಿಲ ಬಾಯಲ್ಲೇ ನಿಂತುಬಿಟ್ಟೆ. ಹತ್ತಿರ ಹತ್ತಿರ ನಲವತ್ತು ಜನ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು. ಮೂಲೆಯಲ್ಲಿ ನೆನೆದ ಬಲೆಗಳ ಗುಡ್ಡ.

"ಬಾ ಭಾವ! ಮದುಮಗನ ಥರ ಈಗ ಬರ್ತಿದ್ದೀಯಾ?" ಖಮೀಸ್ ನನ್ನ ಹೆಗಲ ಮೇಲೆ ಕೈ ಹಾಕಿ ಎಲ್ಲರಿಗೂ ಕೇಳುವಂತೆ ಕೂಗಿದ. "ಕೆಳಗಿನ ಸೂರು ನೋಡಿದ್ರಾ? ಇವನ ಕೈಗುಣ. ನಲವತ್ತಲ್ಲ, ನಾನೂರು ಜನ ಕುಣಿದ್ರೂ ಅಲ್ಲಾಡಲ್ಲ!" ಹಾಗೆಂದವನೇ ಕಾಲೆತ್ತಿ ಧಪ್ ಧಪ್ ಎಂದು ಎರಡು ಸಲ ತುಳಿದ.

ನನ್ನ ಅಂಗಾಲಿನ ಕೆಳಗೆ ನೆಲ ಕುಗ್ಗಿ ಎದ್ದಂತಾಯಿತು.

"ಉಸ್ತಾ ಯಾಕೋ ಚಳೀಲಿ ಬೆವರ್ತಿದ್ದಾನಲ್ಲಪ್ಪ," ಯಾರೋ ನಕ್ಕರು. "ಉಡುಗೊರೆ ತರೋದು ಮರೆತಿರ್ಬೇಕು."

ಮಗು ನೋಡಿ ಬರುತ್ತೇನೆಂದು ಕೆಳಗಿಳಿದೆ. ನಡುಮನೆಯಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ಸರಿಯಾಗಿ ನಡುಮಧ್ಯದಲ್ಲಿ ಜರಡಿ, ಜರಡಿಯಲ್ಲಿ ಬಿಳಿಬಟ್ಟೆ ಸುತ್ತಿದ ಮಗು. ಸುತ್ತ ಏಳು ಮೇಣದಬತ್ತಿ, ಒಂದೊಂದಕ್ಕೂ ಒಂದೊಂದು ಹೆಸರು. ಕೊನೆಯವರೆಗೆ ಉರಿದದ್ದರ ಹೆಸರೇ ಮಗುವಿಗೆ.

ನಾನು ಮಗುವನ್ನು ನೋಡಲಿಲ್ಲ, ಮೇಲೆ ನೋಡಿದೆ. ನನ್ನ ಸುಣ್ಣದಲ್ಲಿ ಮೂರು ಬಿರುಕುಗಳು, ಪಕ್ಕಪಕ್ಕದಲ್ಲಿ, ದಾರ ಹಿಡಿದು ಗೆರೆ ಎಳೆದಂತೆ ನೆಟ್ಟಗೆ. ಬರೀ ಗಾರೆ ಬಿರಿದರೆ ಬಿರುಕು ಅಂಕುಡೊಂಕಾಗಿ ಹರಿಯುತ್ತದೆ. ನೆಟ್ಟಗೆ ಹರಿದರೆ ಒಳಗಿನ ಕಂಬಿ ಕೈಬಿಟ್ಟಿದೆ ಎಂದು ಅರ್ಥ. ನಡುವೆ ಸೂರು ಒಂದು ಬೆರಳಿನಷ್ಟು ಜೋತಿತ್ತು.

"ಮಾವ, ನಿನ್ನ ಮೊಮ್ಮಗನ್ನ ನೋಡು ಬಾ," ಎಂದ ನವ್ವಾರಾ ಮಗುವಿನ ಹಣೆಯ ಮೇಲೆ ಬಿದ್ದಿದ್ದ ಬಿಳಿ ಪುಡಿಯನ್ನು ಒರೆಸಿದಳು.

ಬಹೀಗಾ ಹಿತ್ತಾಳೆಯ ಕುಟ್ಟಾಣಿ ತಂದು ಮಗುವಿನ ಕಿವಿಯ ಹತ್ತಿರವೇ ಕುಟ್ಟತೊಡಗಿದಳು. ಮಗು ಮುಂದೆ ಯಾವ ಸದ್ದಿಗೂ ಬೆಚ್ಚಬಾರದೆಂದು ಹಾಗೆ ಮಾಡುತ್ತೇವೆ. "ಅಮ್ಮನ ಮಾತು ಕೇಳೋ! ಅಪ್ಪನ ಮಾತು ಕೇಳ್ಬೇಡ ಕಣೋ!" ಹೆಂಗಸರು ಬಿದ್ದು ಬಿದ್ದು ನಕ್ಕರು. ಒಂದೊಂದು ಪೆಟ್ಟಿಗೂ ಮೇಲಿನಿಂದ ಪುಡಿ ಉದುರುತ್ತಿತ್ತು.

"ಬಹೀಗಾ, ಸಾಕು ನಿಲ್ಸು," ಎಂದೆ. "ಸೂರು ಬೀಳೋ ಹಾಗಿದೆ..."

"ಬಿಡ್ತು ಅನ್ನು!" ಅವಳು ಕುಟ್ಟಾಣಿ ಬಿಟ್ಟು ಎದ್ದಳು. "ಏಳನೇ ದಿನ ಬಾಯಲ್ಲಿ ಇಂಥ ಮಾತಾ? ಒಳ್ಳೇದು ಹೇಳೋಕಾಗದಿದ್ರೆ ಸುಮ್ನಿರು." ತಟ್ಟೆಯಿಂದ ಉಪ್ಪು ಬಾಚಿ, ಕೆಟ್ಟ ದೃಷ್ಟಿ ಹೋಗಲೆಂದು ನನ್ನ ಮುಖಕ್ಕೇ ಎರಚಿದಳು.

ಜೋರಾಗಿ ಕೂಗಬಹುದಿತ್ತು. ಆದರೆ ನನ್ನ ಕೂಗು ತಾರಸಿಗೆ ಮುಟ್ಟಿದರೆ? ನಲವತ್ತು ಗಂಡಸರು ಒಟ್ಟಿಗೆ ಎದ್ದು ಮೆಟ್ಟಿಲಿಗೆ ಓಡಿದರೆ? ಅಷ್ಟೇ ಸಾಕು, ಎಲ್ಲ ಈ ಮಗುವಿನ ಮೇಲೆ ಬರುತ್ತದೆ. ಹೇಳಿದರೂ ಕೊಲ್ಲುತ್ತೇನೆ, ಹೇಳದಿದ್ದರೂ ಕೊಲ್ಲುತ್ತೇನೆ. ಇಷ್ಟು ಹೆದರಿಕೆ ನನ್ನ ಜನ್ಮದಲ್ಲೇ ಕಂಡಿರಲಿಲ್ಲ.

ಬಗ್ಗಿದವನೇ ಜರಡಿಯನ್ನು ಮಗುವಿನ ಸಮೇತ ಎತ್ತಿಕೊಂಡೆ. ಏಳನೆಯ ದಿನದ ಹಾಡನ್ನು ನನ್ನ ಕತ್ತೆಯ ದನಿಯಲ್ಲಿ ಶುರುಮಾಡಿ ಬಾಗಿಲ ಕಡೆ ನಡೆದೆ.

"ಅಯ್ಯಯ್ಯೋ! ಗಂಡಸು ಜರಡಿ ಮುಟ್ಟೋದುಂಟಾ!" ಬಹೀಗಾ ಕಿರುಚಿದಳು. "ಕೊಡೋ ಇಲ್ಲಿ!"

"ನನ್ನ ಮೊಮ್ಮಗನ್ನ ಓಣಿಗೆಲ್ಲಾ ತೋರಿಸ್ತೀನಿ. ಬನ್ರೇ, ಮೆರವಣಿಗೆ ಮಾಡೋಣ! ಯಾರು ಹಿಂದೆ ಉಳೀತೀರೋ ಅವರು ಹೊಟ್ಟೆಕಿಚ್ಚಿನವರು!"

"ಉಸ್ತಾಗೆ ಹುಚ್ಚು ಹಿಡೀತ್ರೇ!" ಹೆಂಗಸರು ಕೇಕೆ ಹಾಕುತ್ತಾ ಹಿಂದೆ ಬಿದ್ದರು. ಹೊಟ್ಟೆಕಿಚ್ಚಿನವಳು ಅನ್ನಿಸಿಕೊಳ್ಳಲು ಯಾರು ತಾನೇ ಉಳಿಯುತ್ತಾರೆ? ಬಹೀಗಾ ಬೈಯುತ್ತಲೇ ಬಂದಳು. ನಾಲ್ಕು ಮಹಡಿ ಇಳಿದೆ. ಮಗು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು.

ಓಣಿಯಲ್ಲಿ ನಿಂತು ಹಿಂದೆ ನೋಡಿದರೆ ನವ್ವಾರಾ ಇಲ್ಲ.

"ಏಳು ದಿನದ ಬಾಣಂತಿ, ನಾಲ್ಕು ಮಹಡಿ ಇಳೀತಾಳಾ ಕಣೋ?" ಬಹೀಗಾ ಜರಡಿ ಕಿತ್ತುಕೊಂಡಳು.

ಮತ್ತೆ ಮೆಟ್ಟಿಲು ಹತ್ತಿದೆ, ಬಿದ್ದೆ, ಎದ್ದೆ, ಹತ್ತಿದೆ. ಮೂರನೇ ಮಹಡಿಯಲ್ಲಿ ಗಂಡಸರು ಎದುರಾದರು. ತಾರಸಿಯ ಮೆಟ್ಟಿಲು ಕಿರಿದು, ಒಬ್ಬರ ಹಿಂದೆ ಒಬ್ಬರೇ ಇಳಿಯಬೇಕು. ದೇವರು ದೊಡ್ಡವನು, ಅದೇ ಅವರನ್ನು ನಿಧಾನ ಮಾಡಿತ್ತು. "ಮೆರವಣಿಗೆಯಂತೆ, ನಮಗೆ ಹೇಳೋದಲ್ವಾ?" ಎಂದು ನಗುತ್ತಾ ಇಳಿಯುತ್ತಿದ್ದರು. ಅವರನ್ನು ಗೋಡೆಗೆ ತಳ್ಳಿ ಮೇಲೆ ಹತ್ತಿ ನಡುಮನೆಗೆ ನುಗ್ಗಿದೆ.

ನವ್ವಾರಾ ಸೂರಿನ ಬಿರುಕಿನ ಕೆಳಗೇ ಮಂಡಿಯೂರಿ ಮೇಣದಬತ್ತಿಗಳಿಗೆ ಗಾಳಿ ತಾಗದಂತೆ ಕೈ ಅಡ್ಡ ಹಿಡಿದಿದ್ದಳು. "ಇನ್ನೆರಡೇ ಉಳಿದಿವೆ ಮಾವ. ಆರಿಸ್ಬೇಡ." ಮಾತಾಡದೆ ಅವಳನ್ನು ಬಾಚಿ ಎತ್ತಿದೆ. "ನೋಯುತ್ತೆ ಮಾವ, ಬಿಡು!" ಅವಳು ನನ್ನ ಬೆನ್ನಿಗೆ ಗುದ್ದಿದಳು. ತಾರಸಿಯಿಂದ ಕೊನೆಯವನಾಗಿ ಇಳಿದುಬಂದ ಖಮೀಸ್ ಬಾಗಿಲಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದ. ಅವನನ್ನೂ ಭುಜದಿಂದ ನೂಕಿಕೊಂಡೇ ಇಳಿದೆ.

ಎರಡನೇ ಮಹಡಿಗೆ ಬಂದಿದ್ದೆವು. ಮೇಲೆ ಒಮ್ಮೆ ಲಟಕ್ಕೆಂದಿತು. ಆಮೇಲೆ ಇಡೀ ಮನೆ ಕೆಮ್ಮಿದಂತಾಗಿ, ಮೆಟ್ಟಿಲ ತುಂಬ ಬಿಳಿ ಧೂಳು ಇಳಿದು ಬಂತು.

ಓಣಿಗೆ ಬಂದು ಮೇಲೆ ನೋಡಿದೆವು. ನಡುಮನೆಯ ಕಿಟಕಿಯಿಂದ ಖಮೀಸನ ಬಲೆ ಹೊರಗೆ ಜೋತಾಡುತ್ತಿತ್ತು. ಆಮೇಲೆ ನವ್ವಾರಾ ಮಗುವನ್ನು ಜರಡಿಯಿಂದ ಕಿತ್ತು ಎದೆಗೆ ಒತ್ತಿಕೊಂಡಳು, ಹೆಂಗಸರು ಒಟ್ಟಿಗೆ ಅಳತೊಡಗಿದರು. ಖಮೀಸ್ ನನ್ನ ಕುತ್ತಿಗೆಗೆ ಜೋತುಬಿದ್ದು ಎಳೆಮಗುವಿನಂತೆ ಅತ್ತ.

"ಇವನು ಮನುಷ್ಯ ಅಲ್ಲ ಕಣ್ರೋ, ಸಂತ! ಆ ದೇವರೇ ಇವನ ಕೈ ಹಿಡಿದು ಜರಡಿ ಎತ್ತಿಸ್ದ!"

ಯಾರ್ಯಾರೋ ನನ್ನ ತಲೆಗೆ, ಕೈಗೆ ಮುತ್ತಿಟ್ಟರು. ಯಾಕೆ ಸುಳ್ಳು ಹೇಳಲಿ, ಹಾಯೆನಿಸಿತು. ಎಲ್ಲರೂ ಬದುಕಿದ್ದರು. ಕಂಬಿಯ ವಿಷಯ ಧೂಳಿನಲ್ಲೇ ಹೂತುಹೋಗಲಿ, ಇನ್ನು ಯಾರಿಗೂ ಏನೂ ಹೇಳಬೇಕಿಲ್ಲ ಎಂದುಕೊಂಡೆ.

ಎದುರುಮನೆಯ ಹಿಕ್ಮತ್ ತನ್ನ ಶಾಲು ತೆಗೆದು ನವ್ವಾರಾಳಿಗೆ ಹೊದಿಸಿದಳು. "ಬಾಣಂತೀನ ಚಳೀಲಿ ನಿಲ್ಲಿಸ್ತಾರಾ? ಎಲ್ಲಾರೂ ನಮ್ಮನೆಗೆ ಬನ್ನಿ. ಹೆದರ್ಬೇಡಿ, ಹೋದ ವರ್ಷ ನಮ್ಮ ಸೂರಿಗೆ ಗಾರೆ ಹಾಕಿದ್ದೂ ಇದೇ ಉಸ್ತಾನೇ."

ಜನ ಅವಳ ಹಿಂದೆ ಹೊರಟರು. ಬಹೀಗಾ ಮಗಳ ಸೊಂಟ ಹಿಡಿದು ಆ ಹೊಸ್ತಿಲವರೆಗೂ ಹೋಗಿಬಿಟ್ಟಿದ್ದಳು.

"ನಿಲ್ಲೇ ಬಹೀಗಾ," ಎಂದೆ. ದನಿ ನನಗೇ ಕೇಳಿಸಲಿಲ್ಲ. "ನಿಲ್ಲೇ! ಒಳಗೆ ಹೋಗ್ಬೇಡ!"

"ಈಗೇನಣ್ಣಾ?"

"ಅಲ್ಲೂ ಕಂಬಿ ಇಲ್ಲ. ಪುಡಿ. ಅದರ ಮೇಲೇ ಗಾರೆ ಮೆತ್ತಿದ್ದೀನಿ."

ಹಿಕ್ಮತ್ ತನ್ನ ಬಾಗಿಲನ್ನು ನೋಡಿದಳು, ನನ್ನನ್ನು ನೋಡಿದಳು. ಗುಂಪಿನಲ್ಲಿ ಒಬ್ಬ ಮುದುಕ ಮೆಲ್ಲಗೆ ಕೇಳಿದ, "ನಮ್ಮನೇದು, ಉಸ್ತಾ?" ನಾನು ತಲೆ ತಗ್ಗಿಸಿದೆ. "ನಮ್ದು?" ಇನ್ನೊಬ್ಬಳು ಕೇಳಿದಳು. "ಮಸೀದಿ ಪಕ್ಕದ್ದು?" "ನಮ್ಮತ್ತೆ ಮನೇದು?" ಒಬ್ಬೊಬ್ಬರಿಗೂ ಉತ್ತರ ಕೊಟ್ಟೆ. ಗಟ್ಟಿಯಾಗಿದೆ ಎಂದು ಹೇಳಲು ಎರಡೇ ಎರಡು ಮನೆ ಸಿಕ್ಕವು.

ಬಹೀಗಾ ಎಲ್ಲರೂ ಕೇಳಿ ಮುಗಿಯುವವರೆಗೆ ಕಾದಳು.

"ನಾನು ಏಣಿ ಹಿಡ್ಕೊಂಡು ನಿಂತಿದ್ನಲ್ಲ ಅವತ್ತು," ಎಂದಳು. "ಅವತ್ತೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಅವಳು ಮಗಳನ್ನೂ ಮಗುವನ್ನೂ ಕರೆದುಕೊಂಡು ಹೊಸ್ತಿಲಿನಿಂದ ಇಳಿದು, ಎರಡೂ ಕಡೆಯ ಮನೆಗಳಿಂದ ದೂರ, ಓಣಿಯ ನಟ್ಟನಡುವೆ ನೆಲದ ಮೇಲೆ ಕುಳಿತಳು. ಸ್ವಲ್ಪ ಹೊತ್ತಿಗೆ ಉಳಿದವರೂ ಹೋಗಿ ಅವಳ ಸುತ್ತ ಕುಳಿತರು. ಸಮುದ್ರದ ಕಡೆಯಿಂದ ಮಳೆ ಬಂತು. ಯಾರೂ ಎದ್ದು ಮನೆಯೊಳಗೆ ಹೋಗಲಿಲ್ಲ.