ಆಡಿಕೊಳ್ಳದ ಊರು

ನಮ್ಮೂರಿನವರು ಮೀನು ಹಿಡಿಯುವುದರಲ್ಲಿ ಗಟ್ಟಿಗರು. ಒಬ್ಬರನ್ನೊಬ್ಬರು ಆಡಿಕೊಳ್ಳುವುದರಲ್ಲಿ ಇನ್ನೂ ಗಟ್ಟಿಗರು. ನಮ್ಮೂರು ಅಂದರೆ ಐಸ್‌ಲ್ಯಾಂಡಿನ ಪೂರ್ವ ಕರಾವಳಿಯಲ್ಲಿ, ಎರಡು ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿದ ಕಡೆ ಇರುವ ಒಂದು ಹಿಡಿ ಮನೆಗಳು. ನಾನು ಹುಟ್ಟಿದ್ದು ಪೋಲೆಂಡಿನಲ್ಲಿ. ಆದರೂ ನಮ್ಮೂರು ಅಂತಲೇ ಹೇಳುತ್ತೇನೆ, ಯಾರು ಏನಾದರೂ ಅಂದುಕೊಳ್ಳಲಿ.

ಆಡಿಕೊಳ್ಳುವುದಕ್ಕೆಂದೇ ಇವರು ಒಂದು ಹಬ್ಬ ಇಟ್ಟುಕೊಂಡಿದ್ದಾರೆ. ಚಳಿಗಾಲದಲ್ಲಿ ಸೂರ್ಯ ಬೆಟ್ಟದ ಹಿಂದೆ ಅಡಗಿ ಕೂತು ಎಲ್ಲರ ಮುಖವೂ ಗಂಟಿಕ್ಕಿರುವ ಹೊತ್ತಿಗೆ ಹಳೆಯ ಪಂಚಾಂಗದ ಥೊರ್ರಿ ತಿಂಗಳ ಊಟ ಬರುತ್ತದೆ. ಹುದುಗಿಸಿದ ಶಾರ್ಕ್ ಮೀನು, ಸುಟ್ಟು ಬೇಯಿಸಿದ ಕುರಿತಲೆ, ಹುಳಿ ನೀರಿನಲ್ಲಿ ಅದ್ದಿಟ್ಟ ಏನೇನೋ. ಅದೆಲ್ಲ ನೆಪ. ಊಟವಾದ ಮೇಲೆ ಆ ವರ್ಷದ ಕಮಿಟಿ ಊರ ಹಾಲ್‌ನ ವೇದಿಕೆಯ ಮೇಲೆ ಅಣಕು ಆಟ ಆಡುತ್ತದೆ. ದೋಣಿಗೆ ಡೀಸೆಲ್ ಹಾಕುವುದನ್ನು ಮರೆತು ನಡುನೀರಿನಲ್ಲಿ ಕೂತವನು, ಮದುವೆಯಲ್ಲಿ ವರನ ಹಳೆಯ ಹೆಂಡತಿಯ ಹೆಸರು ಓದಿದ ಪಾದ್ರಿ, ಡೊಂಕು ಬೇಲಿ ಹಾಕಿದ ಮೇಸ್ಟ್ರು, ಯಾರಿಗೂ ಬಿಡುಗಡೆಯಿಲ್ಲ. ಅಲ್ಲಿ ಹೆಸರು ಬಂದವರು ಮುಖ ಕೆಂಪು ಮಾಡಿಕೊಂಡು ನಗುತ್ತಾರೆ, ಬರದವರು ಒಳಗೊಳಗೇ ಕೊರಗುತ್ತಾರೆ.

ನಾನು, ನನ್ನ ಗಂಡ ವಿಟೆಕ್, ಹನ್ನೊಂದು ವರ್ಷ ಕೊರಗಿದವರು. ನಾನು ಮೀನಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತೇನೆ, ಅವನು ಅಲ್ಲೇ ಪೆಟ್ಟಿಗೆ ಎತ್ತುವ ಗಾಡಿ ಓಡಿಸುತ್ತಾನೆ. ನಾವು ಬಂದಾಗ ಎರಡು ವರ್ಷ ದುಡಿದು ವಾಪಸು ಹೋಗುವ ಲೆಕ್ಕ ಇತ್ತು. ಲೆಕ್ಕ ತಪ್ಪಿತು, ನನಗೆ ಊರು ಒಗ್ಗಿತು. ಆದರೆ ಹೋದ ಶರತ್ಕಾಲದಲ್ಲಿ ಪೋಲೆಂಡಿನಲ್ಲಿ ವಿಟೆಕ್‌ನ ಅಣ್ಣ ಕಟ್ಟಿಸುತ್ತಿದ್ದ ನಮ್ಮ ಮನೆಯ ಅಟ್ಟದ ಕಿಟಕಿಗೂ ಗಾಜು ಕೂತು ಕೆಲಸ ಮುಗಿಯಿತು. ಅದರ ಫೋಟೋ ಬಂದ ದಿನದಿಂದ ವಿಟೆಕ್ ಬಾಯಿ ತೆರೆದರೆ ಒಂದೇ ಮಾತು, ವಸಂತಕ್ಕೆ ಹೊರಡೋಣ.

ನಾನು ಹೊರಡುವುದಿಲ್ಲ ಅಂದೆ. ನನಗೆ ಹೋಗಲು ಇಷ್ಟವಿರಲಿಲ್ಲ. ಅಲ್ಲಿ ನಾನು ಅತ್ತೆಯ ಸೊಸೆ, ಓರಗಿತ್ತಿಯ ಓರಗಿತ್ತಿ. ಇಲ್ಲಿ ನಾನು ಯೊಲಾ. ನನ್ನ ಬೀಟ್‌ರೂಟ್ ಸಾರಿಗೆ ಕ್ಯಾಪ್ಟನ್‌ಗಳೂ ಸಾಲು ನಿಲ್ಲುತ್ತಾರೆ.

ವಿಟೆಕ್ ಟೀ ಲೋಟ ಕೆಳಗಿಟ್ಟು, ದಪ್ಪ ಮೀಸೆ ಒರೆಸಿಕೊಂಡು ಮೆಲ್ಲಗೆ ಹೇಳಿದ. "ಮನೆಗೆ ಬಂದ ಅತಿಥೀನ ಯಾರೂ ಆಡ್ಕೊಳ್ಳಲ್ಲ ಯೊಲಾ. ಇಷ್ಟು ವರ್ಷ ಆ ಹಾಲ್‌ನಲ್ಲಿ ಕೂತ್ಕೊಂಡು ಬೇರೆಯವರ ಜೋಕಿಗೆ ನಕ್ಕಿದ್ದೀವಿ. ನಮ್ಮ ಮೇಲೆ ಒಂದಾದ್ರೂ ಬಂತಾ?"

ವಾದದಲ್ಲಿ ಸೋಲುವ ಹಾಗಾದರೆ ನಾನು ಪಂದ್ಯ ಕಟ್ಟುವವಳು. ಈ ಸಲದ ಆಟದಲ್ಲಿ ನಮ್ಮ ಹೆಸರು ಬಂದರೆ ಇರುವುದು, ಬರದಿದ್ದರೆ ಹೊರಡುವುದು ಅಂದೆ. ವಿಟೆಕ್ ಕೈ ಚಾಚಿದ. ಅವನು ಕೊಟ್ಟ ಮಾತಿಗೆ ತಪ್ಪುವವನಲ್ಲ, ಹಾಳಾದ್ದು ನಾನೂ ಅಲ್ಲ.

ಅಂದಿನಿಂದ ನನ್ನ ಕೆಲಸ ಒಂದೇ, ಊರಿನ ಕಣ್ಣಿಗೆ ಬೀಳುವ ಹಾಗೆ ಪೆದ್ದುತನ ಮಾಡುವುದು. ಮೊದಲು ಹೊದಿಕೆ. ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ, ನಾನು ಬಿರುಗಾಳಿಯ ದಿನ ನೋಡಿ ನಮ್ಮ ಹಾಸಿಗೆಯ, ಗರಿ ತುಂಬಿದ ಕೆಂಪು ಹೊದಿಕೆಯನ್ನು ಹೊರಗೆ ಒಣಹಾಕಿದೆ. ಅದು ಹಾರಿ ಹೋಗಿ ಚರ್ಚಿನ ಗೋಪುರಕ್ಕೆ ಸುತ್ತಿಕೊಂಡಿತು. ಊರಿಗೆ ಊರೇ ನೋಡಿತು. ಇಷ್ಟಾದ ಮೇಲೆ ಬಿಡುತ್ತಾರೆಯೇ ಅಂದುಕೊಂಡು ನಾನು ಹಿಗ್ಗಿದೆ. ಮರುದಿನ ಹೊದಿಕೆ ತೊಳೆದು, ಒಣಗಿಸಿ, ಮಡಿಸಿ ನಮ್ಮ ಬಾಗಿಲಲ್ಲಿ ಇಟ್ಟಿತ್ತು. ಯಾರೂ ತುಟಿ ಪಿಟಕ್ ಅನ್ನಲಿಲ್ಲ.

ಆಮೇಲೆ ಪೆಟ್ರೋಲ್ ಬಂಕಿನ ಎದುರೇ ಕಾರನ್ನು ಚರಂಡಿಗೆ ಇಳಿಸಿದೆ. ನಾಲ್ಕು ಜನ ಬಂದು ಎತ್ತಿ ಕೊಟ್ಟರು, ಹೀಗಾಗುತ್ತಿರುತ್ತದೆ ಅಂದು ಹೋದರು. ಈಜುಕೊಳದ ಪಕ್ಕದ ಬಿಸಿನೀರಿನ ತೊಟ್ಟಿ ನಮ್ಮೂರಿನ ಪಂಚಾಯಿತಿ ಕಟ್ಟೆ. ಅಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತು, ನಿಮ್ಮ ಒಣಮೀನು ಚಪ್ಪಲಿಯ ಅಟ್ಟೆ ತಿಂದ ಹಾಗಿದೆ ಎಂದು ಎಲ್ಲರೂ ಕೇಳುವಂತೆ ಸಾರಿದೆ. ಹೌದು, ಈ ವರ್ಷ ಸ್ವಲ್ಪ ಹೆಚ್ಚೇ ಒಣಗಿದೆ ಎಂದು ಮುದುಕರು ಗಂಭೀರವಾಗಿ ತಲೆ ಆಡಿಸಿದರು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಕೊನೆಗೆ ಪಕ್ಕದ ಮನೆಯ ಹಾಲ್‌ದೋರಾ ಹತ್ತಿರ ಹೋದೆ. ಈ ವರ್ಷದ ಕಮಿಟಿಗೆ ಅವಳೇ ಯಜಮಾನಿ. ಯಾರೂ ಇಣುಕದ ಹಾಗೆ ಶಾಲೆಯ ಕಿಟಕಿಗಳಿಗೆಲ್ಲ ಟವೆಲು ಕಟ್ಟಿಕೊಂಡು ಒಳಗೆ ಆಟ ಕಲಿಸುತ್ತಿದ್ದಳು. ನಾನು ಗಸಗಸೆ ತುಂಬಿದ ಕೇಕು ತೆಗೆದುಕೊಂಡು ಹೋಗಿದ್ದೆ. ಕೇಕು ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಇಪ್ಪತ್ತು ವರ್ಷ ಮೀನಿನ ದರ ಕೂಗಿದ ಹೆಂಗಸು ಅವಳು, ಅವಳ ಬಾಯಿ ಬಿಡಿಸುವುದು ಹುಡುಗಾಟವೇ?

ಇತ್ತ ವಿಟೆಕ್ ಎಂದಿನಂತೆ ಇದ್ದ. ಕೆಲಸಕ್ಕೆ ಹೋಗುವುದು, ಬರುವುದು, ಹಿಮ ತೆಗೆಯುವುದು. ಅವನಿಗೆ ಹಿಮ ಅಂದರೆ ಹುಟ್ಟಾ ಶತ್ರು. ನಮ್ಮ ಅಂಗಳದಲ್ಲಿ ಶುರುಮಾಡಿ ಪಕ್ಕದ ಮನೆ, ಅದರ ಪಕ್ಕದ ಮನೆ ಅಂತ ಎಲ್ಲಿಗೆ ಮುಟ್ಟುತ್ತಿದ್ದನೋ ನಾನು ನೋಡಲು ಹೋದವಳಲ್ಲ. ತನ್ನ ಹಿಡಿ ಸವೆದ ಕೆಂಪು ಸಲಿಕೆಯನ್ನು ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಹಬ್ಬದ ದಿನ ಬೆಳಗ್ಗೆ ಆ ಸಲಿಕೆ ಕಾಣೆಯಾಗಿತ್ತು. ಮನೆಯನ್ನೆಲ್ಲ ತಲೆಕೆಳಗು ಮಾಡಿ, ಈ ಊರಲ್ಲಿ ಕಳ್ಳರೂ ಶುರುವಾದರು, ಇನ್ನು ಇಲ್ಲಿ ಇರಬಾರದು ಎಂದು ನನ್ನ ಮೇಲೆ ಹಾರಾಡಿದ. ನಾನು ಹೋಗಿ ನನ್ನ ನೀಲಿ ಗೌನಿಗೆ ಇಸ್ತ್ರಿ ಹಾಕಿದೆ.

ಸಂಜೆ ಹಾಲ್ ತುಂಬಿತ್ತು. ನಾನು ಮುಂದಿನ ಸಾಲಿನಲ್ಲೇ ಕೂತೆ, ನನ್ನನ್ನು ಆಡಿಕೊಂಡಾಗ ಎಲ್ಲರಿಗೂ ಮುಖ ಕಾಣಲಿ ಎಂದು. ಪಾದ್ರಿ ಬಂದುಹೋದ. ಮೇಸ್ಟ್ರು ಬಂದುಹೋದ. ಬ್ಯಾಂಕಿನವಳ ನಾಯಿ ಕೂಡ ಬಂದುಹೋಯಿತು. ಗೋಪುರವೂ ಇಲ್ಲ, ಹೊದಿಕೆಯೂ ಇಲ್ಲ. ವಿಟೆಕ್ ನನ್ನ ಕಡೆ ನೋಡಲಿಲ್ಲ. ಗೆದ್ದವನ ಹಾಗೆಯೂ ಕಾಣಲಿಲ್ಲ, ಸುಮ್ಮನೆ ತಟ್ಟೆಯ ಅಂಚು ತಿರುಗಿಸುತ್ತಿದ್ದ.

ಕಡೆಯ ಆಟ ಅಂತ ಸಾರಿದರು. ಪರದೆ ಸರಿಯಿತು. ವೇದಿಕೆಗೆ ಬಂದವನು ಥೋರ್‌ಗ್ರೀಮ್, ಊರಿನ ರಸ್ತೆಯ ಹಿಮ ತಳ್ಳುವ ದೊಡ್ಡ ಗಾಡಿಯ ಡ್ರೈವರ್. ಪೊರಕೆ ಕಡ್ಡಿಯ ಮೀಸೆ ಅಂಟಿಸಿಕೊಂಡಿದ್ದ, ತಲೆಗೆ ಕಿವಿಮುಚ್ಚುವ ಟೋಪಿ, ಹೆಗಲ ಮೇಲೆ ಹಿಡಿ ಸವೆದ ಕೆಂಪು ಸಲಿಕೆ.

ವಿಟೆಕ್ ಎದ್ದು ನಿಂತ. "ಅದು ನನ್ನ ಸಲಿಕೆ," ಅಂದ, ಪೋಲಿಷ್ ಭಾಷೆಯಲ್ಲಿ.

ಹಾಲ್‌ಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ನಾನು ಅವನ ಕೋಟು ಜಗ್ಗಿ ಕೂರಿಸಿದೆ.

ಥೋರ್‌ಗ್ರೀಮ್ ನೆಲದ ಮೇಲೆ ದಾರ ಎಳೆದು ಕಟ್ಟಿ, ಒಂದು ಕಣ್ಣು ಮುಚ್ಚಿ ನೋಡಿ, ಹಿಮದ ಅಂಚು ನೆಟ್ಟಗೆ ಮಾಡಿದ. ಹಿಮ ತಳ್ಳುವ ಗಾಡಿಗೆ ಅಡ್ಡ ನಿಂತು ಹಿಂದಕ್ಕೆ ಹೋಗು ಅಂದ. ಶಾಲೆಯ ಮಕ್ಕಳನ್ನು ಸಾಲಾಗಿ ನಡೆಸಿ, ಅಂಚು ತುಳಿದವನ ಕಿವಿ ಹಿಂಡಿದ. ಸ್ಮಶಾನದ ದಾರಿಯನ್ನೂ ತೆಗೆಯುತ್ತಿದ್ದಾಗ ಪಾದ್ರಿ ಬಂದು, ಇವತ್ತು ಭಾನುವಾರ, ಸತ್ತವರು ಎಲ್ಲಿಗೂ ಹೊರಟಿಲ್ಲ ಅಂದರೆ, ಹಿಮಕ್ಕೆ ವಾರ ಗೊತ್ತಿಲ್ಲ ಎಂದು ಗೊಣಗಿದ. ಕೊನೆಗೆ ಬಿಳಿ ಬೆಡ್‌ಶೀಟು ಹೊದ್ದು ಬಿರುಗಾಳಿಯೇ ಬಂತು. ವಿಟೆಕ್‌ನ ಸಲಿಕೆ ನೋಡಿ ನಡುಗಿ, ಪಕ್ಕದ ಊರಿಗೆ ಹೋಯಿತು. ಜನ ಮೇಜು ಗುದ್ದುತ್ತಿದ್ದರು. ಶಾಲೆವರೆಗೆ, ಸ್ಮಶಾನದವರೆಗೆ ಇವನು ಹೋಗುತ್ತಾನೆಂದು ನನಗೆ ಗೊತ್ತಾದದ್ದು ಆವತ್ತೇ.

ಆಮೇಲೆ ವೇದಿಕೆಯ ಮೇಲೆ ಊರಿನ ತುರ್ತು ಸಭೆ. ಈ ಮನುಷ್ಯ ವಸಂತಕ್ಕೆ ಪೋಲೆಂಡಿಗೆ ಹೊರಟಿದ್ದಾನಂತೆ, ಬಿಸಿನೀರಿನ ತೊಟ್ಟಿಯಲ್ಲಿ ತಾನೇ ಹೇಳಿದನಂತೆ, ಏನು ಮಾಡುವುದು? ಒಬ್ಬ ವಿಮಾನ ನಿಲ್ಲಿಸೋಣ ಅಂದ, ಒಬ್ಬ ಪಾಸ್‌ಪೋರ್ಟ್ ಅಡಗಿಸೋಣ ಅಂದ. ಹಾಲ್‌ದೋರಾ ಎದ್ದು ನಿಂತು ಎಲ್ಲರ ಬಾಯಿ ಮುಚ್ಚಿಸಿದಳು.

"ಸಲಿಕೆ ಬಚ್ಚಿಡ್ರೋ. ಸಲಿಕೆ ಬಿಟ್ಟು ಅವನು ಎಲ್ಲಿಗೂ ಹೋಗಲ್ಲ."

ಕೆಂಪು ಸಲಿಕೆಯನ್ನು ವೇದಿಕೆಗೆ ತಂದಿಟ್ಟಿದ್ದ ಚರ್ಚಿನ ಬೀರುವಿನೊಳಗೆ ಇಟ್ಟು ಬೀಗ ಹಾಕಿದರು. ಪರದೆ ಬಿತ್ತು. ಜನ ಎದ್ದು ಚಪ್ಪಾಳೆ ತಟ್ಟಿದ್ದು ವೇದಿಕೆಯ ಕಡೆ ನೋಡಿ ಅಲ್ಲ, ನಮ್ಮ ಮೇಜಿನ ಕಡೆ ನೋಡಿ. ವಿಟೆಕ್‌ನ ಮುಖ ನನ್ನ ಸಾರಿನ ಬೀಟ್‌ರೂಟಿನಷ್ಟೇ ಕೆಂಪಾಗಿತ್ತು. ನನಗೆ ಅಳು ಬಂತು. ಸಂತೋಷಕ್ಕೆ ಅಂತ ಹೇಳಬಹುದು, ಆದರೆ ಅರ್ಧ ಹೊಟ್ಟೆಕಿಚ್ಚಿಗೆ. ಚಳಿಗಾಲವಿಡೀ ಮಂಗಾಟ ಆಡಿದವಳು ನಾನು, ಹೆಸರು ಬಂದದ್ದು ಹೊರಟು ನಿಂತವನದ್ದು.

ಹಾಲ್‌ದೋರಾಳನ್ನು ಕೋಟು ತೂಗುಹಾಕುವ ಕೋಣೆಯಲ್ಲಿ ಹಿಡಿದೆ. ನನ್ನ ಹೊದಿಕೆ ಏನಾಯಿತು, ನನ್ನ ಕಾರು ಏನಾಯಿತು ಎಂದು ಕೇಳಿದೆ. ಅವಳು ಬೆವರು ಒರೆಸಿಕೊಳ್ಳುತ್ತಾ ನಕ್ಕಳು.

"ಬರೆದಿದ್ವಿ, ಕಿತ್ತು ಹಾಕಿದ್ವಿ. ನೀನು ಬೇಕೂಂತಲೇ ಮಾಡ್ತಿದ್ದೀ ಅಂತ ಊರಿಗೆಲ್ಲ ಗೊತ್ತಿತ್ತು ಕಣೇ. ಬೇಕೂಂತ ಬಿದ್ದೋರನ್ನ ಆಡ್ಕೊಂಡ್ರೆ ಏನು ರುಚಿ? ನಿನ್ನ ಗಂಡ ನೋಡು, ಅವನಿಗೆ ಗೊತ್ತೇ ಇಲ್ಲ ಪಾಪ, ತಾನು ಎಂಥಾ ಗಿರಾಕಿ ಅಂತ."

ಹೊದಿಕೆ ತೊಳೆದು ಕೊಟ್ಟವಳು ಅವಳೇ ಇರಬೇಕು, ನಾನು ಕೇಳಲಿಲ್ಲ. ಕೇಕು ಮಾತ್ರ ಚೆನ್ನಾಗಿತ್ತು ಅಂದಳು.

ವಾಪಸು ಬಂದಾಗ ವಿಟೆಕ್ ಇದ್ದ ಜಾಗದಲ್ಲೇ ಕೂತಿದ್ದ. ಬಂದವರೆಲ್ಲ ಬೆನ್ನು ತಟ್ಟಿ ಹೋಗುತ್ತಿದ್ದರು. ಇಷ್ಟು ವರ್ಷ ಮೂಗು ಮುಚ್ಚಿಕೊಂಡು ದೂರ ತಳ್ಳುತ್ತಿದ್ದ ಶಾರ್ಕ್ ಮೀನಿನ ತುಂಡನ್ನು ಬಾಯಿಗೆ ಹಾಕಿಕೊಂಡು, ಏನೋ ಯೋಚಿಸುತ್ತಾ ಜಗಿಯುತ್ತಿದ್ದ. ನಾನು ಪಂದ್ಯದ ಮಾತು ಎತ್ತಲಿಲ್ಲ. ಪಕ್ಕದಲ್ಲಿ ಕೂತೆ.

ಅವನೇ ಶುರುಮಾಡಿದ. "ಥೋರ್‌ಗ್ರೀಮ್‌ಗೆ ಸಲಿಕೆ ಹಿಡಿಯೋಕೇ ಬರಲ್ಲ. ಸೊಂಟದಿಂದ ಎತ್ತುತ್ತಾನೆ, ಕತ್ತೆ. ಮಂಡಿ ಬಗ್ಗಿಸಿ ಎತ್ತಬೇಕು. ಮುಂದಿನ ವರ್ಷ ಅವನಿಗೆ ಮೊದಲೇ ಹೇಳಿಕೊಡಬೇಕು."

ಪೋಲೆಂಡಿನ ಮನೆ, ಅಂತ ನಾನು ಮೆಲ್ಲಗೆ ಅಂದೆ.

"ಅದೆಲ್ಲಿ ಓಡಿಹೋಗುತ್ತೆ? ಬೇಸಿಗೇಲಿ ಹೋಗಿ ಬರೋಣ," ಅಂದು ಅವನು ಎದ್ದ. ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿಕೊಂಡು ವೇದಿಕೆಯ ಹಿಂದಕ್ಕೆ ಹೋದ. ಹೊರಗೆ ಹಿಮ ಬೀಳುತ್ತಿತ್ತು.