ಮೊದಲ ಬೆಂಚಿನ ಬಸವೇಶ

ಹಾನಗಲ್ಲಿನ ಆ ಹೈಸ್ಕೂಲಿಗೆ ಮಕ್ಕಳು ಫೋನು ತರಬಾರದೆಂಬ ಮಾತು ಹಳೆಯದೇ. ಅದನ್ನು ಹಟ ಹಿಡಿದು ಜಾರಿಗೆ ತಂದವರು ಮಾತ್ರ ವಿಜ್ಞಾನ ಕಲಿಸುವ ನುಜಹತ ಟೀಚರ್. ಯಾವನೋ ಪಾಠದ ನಡುವೆ ಹುಡುಗಿಯರ ವಿಡಿಯೋ ತೆಗೆದು ಊರೆಲ್ಲ ಹಂಚಿದ ಮೇಲೆ ಅವರಿಗೆ ಸುಮ್ಮನಿರಲಾಗಲಿಲ್ಲ. ಹಳ್ಳಿಯಿಂದ ಬರುವವರಿಗೆ ಬಸ್ಸು ತಪ್ಪಿದರೆ ಮನೆಗೆ ತಿಳಿಸಲು ಫೋನು ಬೇಕಲ್ಲ ಎಂದು ಹೆಡ್ಮಾಸ್ತರರು ಅನುಮಾನಿಸಿದಾಗ, ಬೆಳಿಗ್ಗೆ ಎಲ್ಲವನ್ನೂ ಟ್ರಂಕಿಗೆ ಹಾಕಿಸಿ ಸಂಜೆ ವಾಪಸು ಕೊಡೋಣ ಎಂಬ ಉಪಾಯವನ್ನೂ ಅವರೇ ಹೇಳಿದರು.

"ರಿಯಾಯ್ತಿ ಮಾತ್ರ ಯಾರಿಗೂ ಬ್ಯಾಡ್ರಿ ಸರ್. ಒಬ್ಬರಿಗೆ ಬಿಟ್ರ ಎಲ್ಲಾರೂ ಕೇಳ್ತಾರ" ಎಂದರು.

ಮೊದಲು ಸಿಕ್ಕಿಬಿದ್ದವನು ಹತ್ತನೆಯ ತರಗತಿಯ ಬಸವೇಶ. ಆಡೂರಿನವನು, ಆ ವರ್ಷವೇ ಹೊಸದಾಗಿ ಸೇರಿದ್ದ. ಮೊದಲ ಬೆಂಚಿನ ತುದಿಗೆ ಕೂರುತ್ತಿದ್ದ, ಯಾರ ತಂಟೆಗೂ ಹೋಗದ ಹುಡುಗ. ಕಂಪಾಸ್ ಪೆಟ್ಟಿಗೆಗೆ ಆನಿಸಿಟ್ಟ ಫೋನಿನ ಕಡೆ ಅವನ ಕಣ್ಣು ಮತ್ತೆ ಮತ್ತೆ ಇಳಿಯುವುದನ್ನು ಕಂಡು ನುಜಹತ ಕೈ ಚಾಚಿದರು. ಅವನು ಏನೋ ಹೇಳಲು ಬಾಯಿ ತೆರೆದ, ಹಿಂದಿನ ಬೆಂಚುಗಳತ್ತ ಒಮ್ಮೆ ನೋಡಿದ, ಸುಮ್ಮನೆ ಫೋನು ಕೊಟ್ಟುಬಿಟ್ಟ. ಅದರಲ್ಲಿ ಏನಿದೆಯೆಂದು ಅವರು ನೋಡಲೂ ಇಲ್ಲ. ಮರುದಿನದಿಂದ ಅವನೇ ಮುಂದಾಗಿ ಅದನ್ನು ಟ್ರಂಕಿಗೆ ಹಾಕತೊಡಗಿದ. ಹುಡುಗ ದಾರಿಗೆ ಬಂದ ಎಂದು ಅವರಿಗೆ ಸಮಾಧಾನ.

ಆದರೆ ಹುಡುಗ ಓದಿನಲ್ಲಿ ಇಳಿಯುತ್ತ ಹೋದ. ಕೇಳಿದ್ದೊಂದಾದರೆ ಹೇಳುವುದೊಂದು. ಒಂದು ದಿನ ನುಜಹತ ಬೋರ್ಡಿಗೆ ಬರೆಯುತ್ತಲೇ ಅವನ ಹೆಸರು ಹಿಡಿದು ಪ್ರಶ್ನೆ ಕೇಳಿದರು. ಉತ್ತರ ಬರಲಿಲ್ಲ. ತಿರುಗಿ, "ಲಕ್ಷ್ಯ ಎಲ್ಲೈತಪಾ? ಅದನ್ನೂ ಟ್ರಂಕಿನ್ಯಾಗ ಇಟ್ಟು ಬಂದಿಯೇನು?" ಎಂದರು. ತರಗತಿ ಗೊಳ್ಳೆಂದಿತು. ಎಲ್ಲರೂ ನಗುವುದನ್ನು ಕಂಡು ಬಸವೇಶನೂ ನಕ್ಕ. ಎಷ್ಟು ಸೊಕ್ಕು ಎನಿಸಿ ಅವನನ್ನು ಹೊರಗೆ ನಿಲ್ಲಿಸಿದರು.

ದಸರಾ ರಜೆ ಮುಗಿದರೂ ಅವನು ಬರಲಿಲ್ಲ. ಯಾಕೋ ಮನಸ್ಸು ತಡೆಯದೆ ಒಂದು ಭಾನುವಾರ ನುಜಹತ ಆಡೂರಿಗೆ ಹೋದರು. ಅವನ ತಾಯಿ ಸರೋಜವ್ವ ಅಂಗಳದಲ್ಲಿ ಗೋವಿನಜೋಳ ಹರವುತ್ತಿದ್ದಳು. ಚಾಪೆ ಹಾಸಿ, ಚಹಾ ಕೊಟ್ಟು, ಯಾರನ್ನೂ ದೂರದೆ ಎಲ್ಲ ಹೇಳಿದಳು. ಸಣ್ಣವನಿದ್ದಾಗ ಸೋರಿ ಸೋರಿ ಎರಡೂ ಕಿವಿ ಮಂದವಾಗಿದ್ದವು. ಶಿಬಿರದಲ್ಲಿ ಕೊಟ್ಟ ಕಿವಿಯ ಮಶಿನು ಸಿಳ್ಳೆ ಹೊಡೆಯುತ್ತಿತ್ತು. ಹಳೆಯ ಶಾಲೆಯ ಹುಡುಗರು ನಕ್ಕರೆಂದು ತೆಗೆದಿಟ್ಟ. ತುಟಿ ನೋಡಿ ಅರ್ಧ ತಿಳಿದುಕೊಳ್ಳುತ್ತಿದ್ದ. ಸೋದರಮಾವ ಕೊಡಿಸಿದ ಫೋನಿನಲ್ಲಿ ಟೀಚರ್ ಆಡಿದ ಮಾತೆಲ್ಲ ಅಕ್ಷರವಾಗಿ ಮೂಡುತ್ತಿತ್ತು. ಅವನು ಓದುತ್ತಿದ್ದದ್ದು ಅದನ್ನೇ.

ನುಜಹತ ಚಹಾದ ಕಪ್ಪನ್ನು ಕೆಳಗಿಟ್ಟರು. "ನನಗೊಂದು ಮಾತು ಹೇಳಬಾರದಿತ್ತೇನ್ರಿ?" ಎಂದರು.

"ನಾನ ಬಂದು ಹೇಳ್ತೇನಿ ಅಂದಿದ್ನಿರಿ ಅಕ್ಕಾರ. ಕಿವುಡ ಅಂತ ಗೊತ್ತಾದ್ರ ಸಾಲಿ ಬಿಡ್ತೇನಿ ಅಂದ. ಈಗ ನಾ ಹೇಳದಿದ್ರೂ ಸಾಲಿ ಬಿಟ್ಟ."

ಅವನೊಬ್ಬನಿಗೆ ಫೋನು ಬಿಡಲು ನುಜಹತ ಮರುದಿನವೇ ಹೆಡ್ಮಾಸ್ತರರನ್ನು ಒಪ್ಪಿಸಿದರು. ಸಂಜೆ, ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಬಸವೇಶ ಕೆಲಸಕ್ಕೆ ಸೇರಿದ್ದ ಸೋದರಮಾವ ಯಲ್ಲಪ್ಪನ ವೆಲ್ಡಿಂಗ್ ಅಂಗಡಿಗೆ ಹೋದರು. ಹುಡುಗ ಸ್ಟೂಲು ಒರೆಸಿ ಕೊಟ್ಟ. ಅವರು ಕೂರದೆ, ಅವನೆದುರು ನಿಂತು ನಿಧಾನವಾಗಿ, ತಪ್ಪು ನಂದಪಾ, ಫೋನು ನಿನ್ನ ಹತ್ರನ ಇರಲಿ, ಬಾ ಎಂದರು. ಅವನು ಅವರ ತುಟಿಯನ್ನೇ ನೋಡುತ್ತಿದ್ದ. ಒಳಗೆ ಕಬ್ಬಿಣ ಕೊಯ್ಯುವ ಸಪ್ಪಳಕ್ಕೆ ನುಜಹತರಿಗೆ ತಮ್ಮ ಮಾತೇ ಕೇಳಿಸುತ್ತಿರಲಿಲ್ಲ.

"ಇಲ್ಲೆ ಯಾರಿಗೂ ಏನೂ ಕೇಳ್ಸೂದಿಲ್ರಿ ಟೀಚರ್" ಎಂದ ಬಸವೇಶ. "ಎಲ್ಲಾರೂ ಎದುರಿಗೆ ಬಂದು, ಕೈ ಮಾಡಿ ಹೇಳ್ತಾರ. ನನಗ ಇದ ಚಲೋ ಐತಿ."

ಯಲ್ಲಪ್ಪನೂ ಹೇಳಿ ನೋಡಿದ. ಹುಡುಗ ಶಾಲೆಗೆ ಬರಲಿಲ್ಲ, ಪರೀಕ್ಷೆಗೂ ಬರಲಿಲ್ಲ.

ಆ ರಸ್ತೆಯಲ್ಲಿ ನುಜಹತರನ್ನು ಕಂಡಾಗಲೆಲ್ಲ ಅವನು ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದ. ಅದರಲ್ಲಿ ಸಿಟ್ಟಿನ ಎಳೆಯೂ ಇರಲಿಲ್ಲ. ಅದಕ್ಕೇ ಏನೋ, ಈಗೀಗ ಅವರು ಬಸ್ ಸ್ಟ್ಯಾಂಡಿಗೆ ಬಳಸು ದಾರಿ ಹಿಡಿದು ಹೋಗುತ್ತಾರೆ.