ನಾಲ್ಕನೇ ಸಾಲಿನ ಯಂತ್ರ

ತೆಗಲ್‌ವಾರು ವಾರ್ಡು ಕಚೇರಿಯಲ್ಲಿ ಕಂಪ್ಯೂಟರ್ ಮುಟ್ಟಲು ಬರುತ್ತಿದ್ದುದು ಒಬ್ಬಳಿಗೆ, ಕಂಪ್ಯೂಟರಿನ ಬಗ್ಗೆ ಮಾತಾಡಲು ಬರುತ್ತಿದ್ದುದು ಇಬ್ಬರಿಗೆ. ಮುಟ್ಟುವವಳು ಗುಮಾಸ್ತೆ ಬು ವಿದಾರ್ತಿ. ಮಾತಾಡುವವರು ಮುಖ್ಯಸ್ಥ ಪಾಕ್ ಕುಸ್ನಾದಿ ಮತ್ತು ಅವರ ಕಾರ್ಯದರ್ಶಿ ಪಾಕ್ ತ್ರೆಂಗೊನೊ. ಅಲ್ಲಿ ಗಂಡಸರಿಗೆ ಪಾಕ್, ಹೆಂಗಸರಿಗೆ ಬು ಅಥವಾ ಇಬು ಎಂಬುದು ಗೌರವದ ಕರೆ. ಹೊಸ ಕಂಪ್ಯೂಟರ್ ಕೊಳ್ಳಿ ಎಂದು ಮೇಲಿನಿಂದ ಆದೇಶ ಬಂದಾಗ ಸಮಿತಿ ಯಾರದಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಸಮಿತಿಯಾದ ಮೇಲೆ ಅಧ್ಯಯನ ಪ್ರವಾಸ ಆಗಲೇಬೇಕು. ವಿಂಡೋಸ್ ಮೇಲೋ, ಲಿನಕ್ಸ್ ಮೇಲೋ, ಮ್ಯಾಕ್ ಮೇಲೋ ಎಂಬುದು ಇದ್ದ ಊರಿನಲ್ಲಿ ಕೂತು ತಿಳಿಯುವ ಸಂಗತಿಯೇ? ಇಬ್ಬರೂ ಬಾಂಡುಂಗ್ ನಗರಕ್ಕೆ ಹೋಗಿ ನಾಲ್ಕು ದಿನ ಇದ್ದು ಬಂದರು. ಆರು ಡಬ್ಬ ಬ್ರೌನಿ ತಂದರು, ತಲೆಗೊಂದು ಚರ್ಮದ ಜಾಕೆಟ್ ತಂದರು, ಅವೆರಡರ ಜೊತೆಗೆ ಅಭಿಪ್ರಾಯಗಳನ್ನೂ ತಂದರು.

"ಲಿನಕ್ಸು ಪುಕ್ಕಟೆ ಕಣ್ರೀ," ಎಂದರು ಕುಸ್ನಾದಿ, ಆ ಸೆಕೆಯಲ್ಲೂ ಜಾಕೆಟ್ ತೆಗೆಯದೆ. "ಮೆಮೊರಿನೂ ಜಾಸ್ತಿ ತಿನ್ನಲ್ಲ."

"ತಿನ್ನಲ್ಲ ಪಾಕ್, ಆದ್ರೆ ನಮ್ಮ ಸಾಫ್ಟ್‌ವೇರೂ ಅದ್ರ ಮೇಲೆ ಓಡಲ್ವಲ್ಲ," ಎಂದರು ತ್ರೆಂಗೊನೊ. "ಮ್ಯಾಕ್ ನೋಡಿ, ಏನು ಗತ್ತು! ಮೇಜಿನ ಮೇಲಿಟ್ರೆ ಬಂದವ್ರು ಎದ್ದು ನಿಲ್ಬೇಕು."

"ಕುಟುಂಬ ಕಾರ್ಡಿನ ಪ್ರೋಗ್ರಾಂ ಯಾವುದ್ರಲ್ಲಿ ಓಡುತ್ತೆ ಪಾಕ್?" ಎಂದು ವಿದಾರ್ತಿ ಕೇಳಿದಳು.

"ಅದೆಲ್ಲ ತಾಂತ್ರಿಕ ವಿಷಯ, ಬು. ನೀವು ಬ್ರೌನಿ ತಿನ್ನಿ."

ಆ ತಾಂತ್ರಿಕ ವಿಷಯದ ಮೇಲೆಯೇ ವಿದಾರ್ತಿಯ ಹನ್ನೊಂದು ವರ್ಷ ನಿಂತಿತ್ತು. ಮೂಲೆಯಲ್ಲಿ ಬಾಟಿಕ್ ಬಟ್ಟೆ ಹೊದ್ದು ಕೂತ ಹಳೆಯ ಕಂಪ್ಯೂಟರಿನಲ್ಲಿ ವಾರ್ಡಿನ ಪ್ರತಿ ಮನೆಯ ಹೆಸರು, ಹುಟ್ಟು, ಮದುವೆ, ಸಾವುಗಳನ್ನು ಅವಳೇ ಒಂದೊಂದಾಗಿ ಕುಟ್ಟಿ ತುಂಬಿಸಿದ್ದಳು. ಆ ಪ್ರೋಗ್ರಾಂ ಬರೆದವನು ಎಂದೋ ವರ್ಗವಾಗಿ ಹೋಗಿದ್ದ. ಅದು ಬೇರೆ ಯಾವ ಯಂತ್ರದಲ್ಲೂ ಏಳುತ್ತಿರಲಿಲ್ಲ. ಮಾರುಕಟ್ಟೆಯಲ್ಲಿ ತೆಂಪೆ ಎಂಬ ಸೋಯಾ ಬಿಲ್ಲೆ ಮಾರುವ ಮುದುಕಿ ಸಾರಿಂತೆನ್ ಹುಟ್ಟಿದ್ದಾಳೆ ಎನ್ನುವುದಕ್ಕೆ ಈ ಭೂಮಿಯ ಮೇಲಿದ್ದ ಏಕೈಕ ಪುರಾವೆ ಅದರೊಳಗಿತ್ತು. ಸಮಿತಿಯ ವರದಿಗೆ ಶುಕ್ರವಾರ ಸಹಿ ಬಿದ್ದರೆ ಸೋಮವಾರ ಆ ಯಂತ್ರ ಗುಜರಿ ಹರಾಜಿಗೆ ಹೋಗುವುದಿತ್ತು.

ಸಹಿ ಹಾಕಬೇಕಾದವರು ಹತ್ತಾರು ವಾರ್ಡುಗಳ ಮೇಲಧಿಕಾರಿಣಿ ಬು ಚಾಮತ್. ಶುಕ್ರವಾರ ಮಧ್ಯಾಹ್ನ ಒಂದೂವರೆಗೆ ಬರುವವರಿದ್ದರು. ಹನ್ನೊಂದಕ್ಕೆ ವರದಿಯನ್ನು ಪ್ರಿಂಟ್ ಮಾಡಲು ಸಮಿತಿ ಕೂತಿತು. ಮೂರು ವ್ಯವಸ್ಥೆಗಳನ್ನು ಪರೀಕ್ಷಿಸಲು ಮೂರು ಲ್ಯಾಪ್‌ಟಾಪುಗಳನ್ನು ಎರವಲು ತಂದಿದ್ದರು. ವರದಿ ಇದ್ದದ್ದು ಮ್ಯಾಕಿನಲ್ಲಿ, ಅದಕ್ಕೆ ಕಚೇರಿಯ ಪ್ರಿಂಟರಿನ ಕೇಬಲ್ ಚುಚ್ಚಲು ತೂತೇ ಇರಲಿಲ್ಲ. ಲಿನಕ್ಸಿನದಕ್ಕೆ ತೂತಿತ್ತು, ಪ್ರಿಂಟರಿನ ಗುರುತು ಹತ್ತಲಿಲ್ಲ. ವಿಂಡೋಸಿನದು ಪಾಸ್‌ವರ್ಡ್ ಕೇಳಿತು, ಅದನ್ನು ಬರೆದಿಟ್ಟ ಚೀಟಿ ಬಾಂಡುಂಗಿನ ಹೋಟೆಲಿನಲ್ಲಿ ಉಳಿದಿತ್ತು. ವೆಚ್ಚ, ಮೆಮೊರಿ, ಹೊಂದಾಣಿಕೆ ಎಂದು ಮೂರು ಕಾಲಂ ಎಳೆದು ಅಂಕ ಕೊಟ್ಟ ಮಹಾಶಯರಿಗೆ, ಕಚೇರಿಯಲ್ಲಿ ಕಾಗದ ಹೊರಬರಬೇಕು ಎಂಬುದೊಂದು ಹೊಳೆದಿರಲಿಲ್ಲ.

"ಎದುರಿನ ಫೋಟೋಕಾಪಿ ಅಂಗಡಿಗೆ ಓಡೋಣ," ಎಂದರು ಕುಸ್ನಾದಿ.

"ಇವತ್ತು ಶುಕ್ರವಾರ ಪಾಕ್. ನಮಾಜಿಗೆ ಬಾಗಿಲು ಹಾಕ್ಕೊಂಡು ಹೋದ್ರು," ಎಂದರು ತ್ರೆಂಗೊನೊ.

ಅವರಿಗೂ ಹೊತ್ತಾಗಿತ್ತು. ಟೋಪಿ ಸರಿಮಾಡಿಕೊಳ್ಳುತ್ತಾ ಇಬ್ಬರೂ ಮೂಲೆಯ ಕಡೆ ನೋಡಿದರು.

"ಬು ವಿದಾರ್ತಿ," ಎಂದರು ಕುಸ್ನಾದಿ ಬೆಣ್ಣೆಯಂಥ ದನಿಯಲ್ಲಿ, "ನಿಮ್ಮ ಆ ಡಬ್ಬಾದಲ್ಲಿ ಸ್ವಲ್ಪ ಟೈಪ್ ಮಾಡಿ ತೆಗ್ದುಬಿಡಿ. ಪುಣ್ಯ ಬರತ್ತೆ."

ಇಬ್ಬರೂ ಮಸೀದಿಗೆ ಹೋದರು. ಖಾಲಿ ಕಚೇರಿಯಲ್ಲಿ ವಿದಾರ್ತಿ ಮ್ಯಾಕಿನ ಪರದೆ ನೋಡಿಕೊಂಡು ತನ್ನ ಯಂತ್ರದಲ್ಲಿ ಟೈಪ್ ಮಾಡತೊಡಗಿದಳು. ಮೊದಲ ಹಾಳೆಯಲ್ಲೇ ಅಂಕಪಟ್ಟಿ: ಮೊದಲ ಮೂರು ಸಾಲುಗಳಲ್ಲಿ ಮೂರು ಹೊಸ ವ್ಯವಸ್ಥೆಗಳು, ಏಳು, ಎಂಟು, ಒಂಬತ್ತು ಅಂಕಗಳ ಮೆರವಣಿಗೆ. ನಾಲ್ಕನೇ ಸಾಲು: "ಕಚೇರಿಯ ಹಾಲಿ ಯಂತ್ರ. ಹೊಂದಾಣಿಕೆ: ಸೊನ್ನೆ. ಕೂಡಲೇ ವಿಲೇವಾರಿ ಮಾಡತಕ್ಕದ್ದು." ಆ ಸೊನ್ನೆಯನ್ನು ತಿದ್ದಲು ಒಂದು ಬೆರಳು ಸಾಕಿತ್ತು. ತಿದ್ದಲಿಲ್ಲ. ಅವರ ಮೂರ್ಖತನದಲ್ಲಿ ಒಂದಕ್ಷರವೂ ತನ್ನದಾಗುವುದು ಅವಳಿಗೆ ಬೇಕಿರಲಿಲ್ಲ.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕಿರ್ರೆಂದು ಕಿರುಚುತ್ತಾ ಹನ್ನೆರಡು ಹಾಳೆ ಉಗುಳಿತು. ಎರಡೂ ಅಂಚಿಗೆ ತೂತಿನ ಪಟ್ಟಿಯಿದ್ದ ಆ ಕಾಗದವನ್ನು ಯಾರ ಕೈಗೆ ಕೊಡುವುದಾದರೂ ಪಟ್ಟಿ ಹರಿದೇ ಕೊಡುವುದು ಅವಳ ರೂಢಿ. ಇವತ್ತು ಹರಿಯಲಿಲ್ಲ.

ಗಂಡಸರು ಮರಳುವ ಹೊತ್ತಿಗೆ ಬು ಚಾಮತರ ಕಾರೂ ಬಂತು. ಕುಸ್ನಾದಿ ಹಾಳೆಗಳನ್ನು ಕಸಿದುಕೊಂಡು, ಕಣ್ಣೂ ಹಾಯಿಸದೆ ಎರಡು ಕೈಯಲ್ಲಿ ಒಪ್ಪಿಸಿದರು. ಬು ಚಾಮತ್ ವರದಿ ಓದುವವರಲ್ಲ, ಎಲ್ಲರಿಗೂ ಗೊತ್ತು. ಪೆನ್ನು ತೆಗೆದವರು ಅಂಚಿನ ತೂತುಗಳ ಮೇಲೆ ಬೆರಳಾಡಿಸಿ ನಿಂತರು.

"ಇಂಥ ಕಾಗದ ನೋಡಿ ಎಷ್ಟು ಕಾಲವಾಯ್ತು! ಇದನ್ನ ಯಾವುದ್ರಲ್ಲಿ ತೆಗೆದ್ರಿ?"



"ನಾಲ್ಕನೇ ಸಾಲು ನೋಡಿ, ಇಬು," ಎಂದಳು ವಿದಾರ್ತಿ.

ಬು ಚಾಮತ್ ಕನ್ನಡಕ ಏರಿಸಿ ಓದಿದರು. ಮೇಜಿನ ಮೇಲಿನ ಮೂರು ಲ್ಯಾಪ್‌ಟಾಪುಗಳನ್ನು ನೋಡಿದರು. ಜಾಕೆಟ್‌ಗಳನ್ನೂ ನೋಡಿದರು.

"ಎಂಟು, ಒಂಬತ್ತು ತಗೊಂಡ ಈ ಮೂರೂ ಸೇರಿ ಒಂದು ಹಾಳೆ ಹೊರಗೆ ಹಾಕ್ಲಿಲ್ವಾ, ಪಾಕ್ ಕುಸ್ನಾದಿ?"

"ಅದು... ತಾಂತ್ರಿಕ ವಿಷಯ, ಇಬು."

"ಸರಿ. ಸೊನ್ನೆ ತಗೊಂಡಿದ್ದು ಇದ್ದಲ್ಲೇ ಇರ್ಲಿ." ನಾಲ್ಕನೇ ಸಾಲಿಗೆ ಅಡ್ಡಗೆರೆ ಎಳೆದು ಸಹಿ ಹಾಕಿದರು, ಉಳಿದದ್ದನ್ನು ಓದಲಿಲ್ಲ.

ಕಾರು ಹೋದ ಮೇಲೆ ವಿದಾರ್ತಿ ಯಂತ್ರಕ್ಕೆ ಮತ್ತೆ ಬಾಟಿಕ್ ಬಟ್ಟೆ ಹೊದಿಸಿದಳು. ಮುದುಕಿ ಸಾರಿಂತೆನ್ ಹುಟ್ಟಿದವಳಾಗಿಯೇ ಉಳಿದಳು ಎಂದು ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಸಮಿತಿಗೆ ನಾಚಿಕೆಯಾಗಿರಬೇಕು ಎಂದುಕೊಂಡಳು. ಆಗಿದ್ದರೆ ಅವರು ಸಮಿತಿಯೇ ಆಗುತ್ತಿರಲಿಲ್ಲ. ಸೋಮವಾರ ಬೆಳಗ್ಗೆ ಕುಸ್ನಾದಿ ಅವಳ ಮೇಜಿಗೆ ಬಂದರು.

"ಬು, ಹಳೇ ಯಂತ್ರಗಳ ನಿರ್ವಹಣೆ ಅಂತ ಒಂದು ಅಧ್ಯಯನ ಆಗ್ಬೇಕಾಗಿದೆ. ಬಾಲಿಯಲ್ಲಿ. ಐದು ದಿನ. ಪ್ರವಾಸದ ಆದೇಶಪತ್ರ ಒಂದು ತೆಗ್ದುಕೊಡಿ."

ವಿದಾರ್ತಿ ಬಾಟಿಕ್ ಬಟ್ಟೆ ಸರಿಸಿ ಯಂತ್ರ ಹಚ್ಚಿದಳು. ಎರಡು ಹೆಸರು, ಐದು ದಿನ, ಬಾಲಿ. ಈ ಸಲ ಅಂಚಿನ ಪಟ್ಟಿಗಳನ್ನು ಒಪ್ಪವಾಗಿ ಹರಿದು ಕೊಟ್ಟಳು.